ಎಂಜಿನ್ ಹೇಗಿದೆ ಅಂತ ಕೇಳಬೇಡಿ, ಮ್ಯಾಟ್ ಎತ್ತಿ ನೋಡಿ

ತಿಂಗಳಿಗೆ ಒಂದೆರಡಾದರೂ ಫೋನ್ ಬರುತ್ತವೆ. ಯಾರದ್ದೋ ಮಾವನ ಮನೆ ಹಿತ್ತಿಲಲ್ಲೋ, ಮುಚ್ಚಿಹೋದ ರೈಸ್ ಮಿಲ್ಲಿನ ಶೆಡ್ಡಿನಲ್ಲೋ ಒಂದು ಹಳೆ ಪದ್ಮಿನಿ ಕಾರು ನಿಂತಿರುತ್ತದೆ. ತಗೊಂಡು ಮನೆಯಲ್ಲೇ ರೆಡಿ ಮಾಡೋಣ ಅಂತ ಆಸೆ. ಫೋಟೋ ಕಳಿಸುತ್ತಾರೆ. ಆಮೇಲೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಎಂಜಿನ್ ಚೆನ್ನಾಗಿದ್ದರೆ ತಗೋಬಹುದು ಅಲ್ವಾ ಸಾರ್?"

ಎಂಜಿನ್ ಜಾಮ್ ಆಗಿದ್ದರೂ ತಗೊಳ್ಳಿ ಅಂತ ಹೇಳುತ್ತೇನೆ. ಆದರೆ ಮೊದಲು ಕಾಲಡಿಯ ಮ್ಯಾಟ್ ಎತ್ತಿ ನೋಡಿ ಅಂತಲೂ ಹೇಳುತ್ತೇನೆ. ಫೋನಿನಲ್ಲಿ ಇಷ್ಟೇ ಹೇಳಿದರೆ ಯಾರೂ ನಂಬುವುದಿಲ್ಲ. ಅದಕ್ಕೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ನಾನೂ ಎಂಜಿನ್ ಕೇಳಿಯೇ ಗಾಡಿ ತಗೊಂಡವನು. ಕುಂದಾಪುರದ ಕಡೆಯ ಒಂದು ಮನೆಯ ಗಾಡಿ, 1984ರದ್ದು. ಯಜಮಾನರು "ಎಂಜಿನ್ ಲಾಯ್ಕ್ ಇತ್ತ್ ಮಾರಾಯ್ರೆ" ಅಂದರು. ಸುಳ್ಳಲ್ಲ. ಚೋಕ್ ಎಳೆದು ಸೆಲ್ಫ್ ಹೊಡೆದರೆ ಎರಡನೇ ಸಲಕ್ಕೆ ಸ್ಟಾರ್ಟ್ ಆಯಿತು. ಘಟ್ಟ ಹತ್ತಿಸಿ ಮೈಸೂರಿನವರೆಗೆ ಓಡಿಸಿಕೊಂಡು ಬಂದೆ. ದಾರಿಯಲ್ಲಿ ಒಮ್ಮೆಯೂ ನೀರು ಕುದಿಯಲಿಲ್ಲ. ಸ್ಟೀರಿಂಗ್ ಪಕ್ಕದ ಕೈ ಗೇರು ಹಾಕುವ ಖುಷಿಯಲ್ಲಿ ಬೇರೇನೂ ತಲೆಗೆ ಹೋಗಲಿಲ್ಲ.

ಮುಂದಿನ ಭಾನುವಾರ ಒಳಗೆ ತೊಳೆಯೋಣ ಅಂತ ಮ್ಯಾಟ್ ತೆಗೆದೆ. ಕೆಳಗೆ ಇನ್ನೊಂದು ಮ್ಯಾಟ್. ಅದರ ಕೆಳಗೆ ಯಾರೋ ದಪ್ಪಗೆ ಬಳಿದ ಟಾರು. ಸ್ಕ್ರೂಡ್ರೈವರಿನಿಂದ ಸುಮ್ನೆ ಒತ್ತಿದೆ, ಹಪ್ಪಳಕ್ಕೆ ಚುಚ್ಚಿದ ಹಾಗೆ ಒಳಗೆ ಹೋಯಿತು. ತೂತಿನಿಂದ ನಮ್ಮ ಪೋರ್ಟಿಕೋದ ಕೆಂಪು ಕಾವಿ ನೆಲ ಕಾಣುತ್ತಿತ್ತು. ಮುನ್ನೂರಕ್ಕೂ ಹೆಚ್ಚು ಕಿಲೋಮೀಟರ್ ನನ್ನ ಕಾಲು ಇದ್ದದ್ದು ಟಾರಿನ ಮೇಲೆ.

ತೂತು ಬಿದ್ದರೆ ಒಂದು ತಗಡು ಬಡಿದರಾಯಿತು, ಅದೇನು ಮಹಾ ಅನ್ನಿಸಬಹುದು. ಜೀಪಾಗಿದ್ದರೆ ಹೌದು. ಜೀಪಿಗೆ ಕೆಳಗೆ ಬೇರೆಯೇ ಚಾಸಿ, ಅಂದರೆ ಭಾರ ಹೊರುವ ಉಕ್ಕಿನ ಚೌಕಟ್ಟು ಇರುತ್ತದೆ, ಬಾಡಿ ಅದರ ಮೇಲೆ ಕೂತಿರುತ್ತದೆ. ಪದ್ಮಿನಿಗೆ ಆ ಚಾಸಿ ಇಲ್ಲ. ಇದು ಮೂಲತಃ ಇಟಲಿಯ ಫಿಯೆಟ್ 1100. ಫಿಯೆಟ್ ಕಂಪನಿ 1953ರಲ್ಲೇ ಚಾಸಿ ಬಿಟ್ಟು, ಬಾಡಿಯೇ ಭಾರ ಹೊರುವ ಹಾಗೆ ಇದನ್ನು ಮಾಡಿತು. ಅದರದ್ದೇ ಮುಂದಿನ ರೂಪವನ್ನು ಪ್ರೀಮಿಯರ್ ಕಂಪನಿಯವರು ಮುಂಬೈಯ ಕುರ್ಲಾದಲ್ಲಿ ಮಾಡುತ್ತಿದ್ದರು. ಮೊದಲು ಫಿಯೆಟ್ ಹೆಸರು, ನಡುವೆ ಸ್ವಲ್ಪ ಕಾಲ ಪ್ರೆಸಿಡೆಂಟ್, 1974ರಿಂದ ಪದ್ಮಿನಿ. ಹೆಸರು ಬದಲಾಯಿತೇ ಹೊರತು ಒಳಗಿನ ಲೆಕ್ಕ ಬದಲಾಗಲಿಲ್ಲ. ನೆಲದ ತಗಡು, ಬಾಗಿಲ ಕೆಳಗೆ ಉದ್ದಕ್ಕೆ ಓಡುವ ಟೊಳ್ಳು ಪೆಟ್ಟಿಗೆ, ಬಾಗಿಲ ನಡುವಿನ ಕಂಬ ಇವೆಲ್ಲ ಸೇರಿ ಗಾಡಿಯ ಬೆನ್ನುಮೂಳೆ. ಆ ಟೊಳ್ಳು ಪೆಟ್ಟಿಗೆ ಕೊಳೆತರೆ ಗಾಡಿ ನಡುವಿನಲ್ಲಿ ಬಗ್ಗುತ್ತದೆ.

ಕೊಳೆಯುವುದೂ ಒಳಗಿನಿಂದಲೇ. ಗಾಜಿನ ರಬ್ಬರ್ ಒಣಗಿರುತ್ತದೆ, ಮಳೆ ನೀರು ಬಾಗಿಲೊಳಗೆ ಇಳಿಯುತ್ತದೆ. ಕೆಳಗೆ ನೀರು ಹೋಗುವ ಸಣ್ಣ ತೂತು ಮಣ್ಣು ಕಟ್ಟಿಕೊಂಡಿರುತ್ತದೆ. ಕರಾವಳಿಯಲ್ಲಿ ನಾಲ್ಕು ತಿಂಗಳು ಮಳೆ, ಮೇಲೆ ಉಪ್ಪುಗಾಳಿ. ಹೊರಗಿನ ಪೇಂಟು ಫಳಫಳ ಹೊಳೆಯುತ್ತಿರುವಾಗಲೇ ಒಳಗೆ ತಗಡು ಅವಲಕ್ಕಿಯಾಗಿರುತ್ತದೆ. ಅದಕ್ಕೇ ನಾನು ಬಳ್ಳಾರಿ, ವಿಜಯಪುರ, ಕೋಲಾರದ ಕಡೆಯ ಗಾಡಿ ಅಂದರೆ ಕಿವಿ ನಿಮಿರಿಸುತ್ತೇನೆ. ಬಿಸಿಲಿಗೆ ಪೇಂಟು ಸುಟ್ಟಿರುತ್ತದೆ, ಸೀಟು ಹರಿದಿರುತ್ತದೆ, ನೋಡೋಕೆ ಅಸಹ್ಯ. ಆದರೆ ತಗಡು ಗಟ್ಟಿ.

ಹಾಗಾದರೆ ನೋಡುವುದು ಹೇಗೆ? ಫ್ರಿಜ್ಜಿಗೆ ಅಂಟಿಸುವ ಒಂದು ಮ್ಯಾಗ್ನೆಟ್ ತಗೊಳ್ಳಿ, ಪೇಂಟು ಗೀಚದ ಹಾಗೆ ತೆಳು ಬಟ್ಟೆ ಸುತ್ತಿ. ಬಾಗಿಲಿನ ಕೆಳಭಾಗ, ಮಡ್‌ಗಾರ್ಡ್ ಅಂಚು, ಹೆಡ್‌ಲೈಟ್ ಸುತ್ತ, ಡಿಕ್ಕಿಯ ಮೂಲೆಗಳಲ್ಲಿ ಇಡುತ್ತಾ ಹೋಗಿ. ಹಿಡಿಯದೆ ಬಿದ್ದರೆ ಅಲ್ಲಿ ತಗಡಿಲ್ಲ, ತೂತು ಮುಚ್ಚಲು ಮೆತ್ತಿದ ಪುಟ್ಟಿ ಇದೆ. ಸ್ಕ್ರೂಡ್ರೈವರ್ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಒಳ್ಳೆಯ ತಗಡು ಟಣ್ ಅನ್ನುತ್ತದೆ, ಪುಟ್ಟಿ ದಬ್ ಅನ್ನುತ್ತದೆ. ತೆಂಗಿನಕಾಯಿ ತಟ್ಟಿ ನೋಡಿ ತರುವವರಿಗೆ ಇದನ್ನು ಕಲಿಸಬೇಕಿಲ್ಲ.

ಕೊನೆಯ ಪರೀಕ್ಷೆಗೆ ಮಾರುವವರು ಒಪ್ಪುವುದು ಕಷ್ಟ. ಒಂದು ಪಕ್ಕಕ್ಕೆ ಜ್ಯಾಕ್ ಕೊಟ್ಟು ಚಕ್ರ ನೆಲ ಬಿಡುವಷ್ಟು ಎತ್ತಿ. ಈಗ ಆ ಕಡೆಯ ಬಾಗಿಲು ತೆಗೆದು ಹಾಕಿ. ಮೊದಲಿನ ಹಾಗೇ ಕೂತರೆ ಸರಿ. ಕಚ್ಚಿಕೊಂಡರೆ, ಲಾಕ್ ಕೂರದಿದ್ದರೆ, ಅಥವಾ ಜ್ಯಾಕೇ ತಗಡಿನೊಳಗೆ ನುಗ್ಗಿದರೆ ಕೈಮುಗಿದು ಬಸ್ಸು ಹತ್ತಿ. ಎಂಜಿನ್ ಎಷ್ಟೇ ಚೆನ್ನಾಗಿರಲಿ.

ಇನ್ನು ಎಂಜಿನ್. ಅದಕ್ಕೆ ನಾನು ಯಾಕೆ ಹೆದರುವುದಿಲ್ಲ ಅಂದರೆ, ಅದನ್ನು ಬಿಚ್ಚಿ ಬೇರೆಯವರ ಹತ್ತಿರ ಒಯ್ಯಬಹುದು. ಬಾಡಿಯನ್ನು ಹಾಗೆ ಒಯ್ಯೋಕೆ ಆಗುತ್ತಾ? 1089 ಸಿಸಿ, ನಾಲ್ಕು ಸಿಲಿಂಡರ್, ಒಂದು ಕಾರ್ಬುರೇಟರ್, ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಒಂದು ಡೆಲ್ಕೋ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಒಂದು ಚೈನ್ ಬ್ಲಾಕು, ಗಟ್ಟಿಯಾದ ತೊಲೆ, ಇಬ್ಬರು ಗೆಳೆಯರಿದ್ದರೆ ಮಧ್ಯಾಹ್ನದೊಳಗೆ ಹೊರಗೆ ಬರುತ್ತದೆ. ಜಾಮ್ ಆಗಿದ್ದರೆ ಪ್ಲಗ್ ಬಿಚ್ಚಿ ಪ್ರತಿ ಸಿಲಿಂಡರಿಗೂ ಒಂದಿಷ್ಟು ಡೀಸೆಲ್ ಬಿಟ್ಟು ಒಂದು ವಾರ ಮರೆತುಬಿಡಿ. ಆಮೇಲೆ ಟಾಪ್ ಗೇರಿಗೆ ಹಾಕಿ ಗಾಡಿಯನ್ನು ಮೆಲ್ಲಗೆ ಹಿಂದೆ ಮುಂದೆ ತಳ್ಳಿ. ಎಷ್ಟೋ ಎಂಜಿನ್ ಇಷ್ಟಕ್ಕೇ ಬಿಡುತ್ತವೆ. ಅವಸರಕ್ಕೆ ಸೆಲ್ಫ್ ಮಾತ್ರ ಹೊಡೆಯಬೇಡಿ, ರಿಂಗ್ ಮುರಿಯುತ್ತವೆ. ಸಿಲಿಂಡರ್ ಸವೆದಿದ್ದರೆ ಲೇತಿನವರ ಹತ್ತಿರ ಬೋರ್ ಮಾಡಿಸಿ, ದೊಡ್ಡ ಸೈಜಿನ ಪಿಸ್ಟನ್ ಹಾಕಿದರಾಯಿತು.

ಸಾಮಾನು ಸಿಗುತ್ತಾ ಅಂತ ಹೆದರಬೇಡಿ. ಮುಂಬೈಯಲ್ಲಿ ದಶಕಗಟ್ಟಲೆ ಟ್ಯಾಕ್ಸಿಯಾಗಿ ದುಡಿದ ಗಾಡಿ ಇದು. ಅಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿ ರಿಜಿಸ್ಟರ್ ಆದದ್ದು 2003ರ ಅಕ್ಟೋಬರಿನಲ್ಲಿ. ಇಪ್ಪತ್ತು ವರ್ಷದ ಮಿತಿ ಮುಗಿದು 2023ರ ಅಕ್ಟೋಬರಿನಲ್ಲಿ ಅದೂ ರಸ್ತೆ ಬಿಟ್ಟಿತು. ಅಷ್ಟೂ ಗಾಡಿಗೆ ಬೇಕಾದ ಪಾಯಿಂಟು, ಗ್ಯಾಸ್ಕೆಟ್, ಕ್ಲಚ್ ಪ್ಲೇಟ್ ಸುಮಾರು ಕಾಲ ತಯಾರಾಗುತ್ತಲೇ ಇದ್ದವು. ಬೆಂಗಳೂರಿನ ಜೆ.ಸಿ. ರಸ್ತೆಯ ಹಳೆ ಅಂಗಡಿಗಳ ಅಟ್ಟದಲ್ಲಿ ಈಗಲೂ ಸಿಗುತ್ತವೆ. ಶಿವಾಜಿನಗರದ ಗುಜರಿಯಲ್ಲಿ ಅದೃಷ್ಟವಿದ್ದರೆ ಬಾಗಿಲಿನ ಹಿಡಿಯೂ ಸಿಗುತ್ತದೆ. ಆದರೆ "ಫ್ಲೋರ್ ಕೊಡಿ" ಅಂದರೆ ನಗುತ್ತಾರೆ. ಅದನ್ನು ನಾವೇ ಷೀಟಿನಲ್ಲಿ ಕತ್ತರಿಸಿ, ಬಡಿದು, ಕೂರಿಸಬೇಕು.

ಆ ಕೆಲಸದಲ್ಲಿ ನಾನು ಮಾಡಿದ ದೊಡ್ಡ ತಪ್ಪು ಹೇಳಿಬಿಡುತ್ತೇನೆ. ಎಡಗಡೆಯ ಕೊಳೆತ ಪೆಟ್ಟಿಗೆಯನ್ನು ಗ್ರೈಂಡರಿನಲ್ಲಿ ಒಂದೇ ಉಸಿರಿಗೆ ಉದ್ದಕ್ಕೂ ಕೊಯ್ದೆ. ಜೋಶ್ ಜಾಸ್ತಿ. ಮಾರನೇ ದಿನ ಹೊಸ ತಗಡು ಕೂರಿಸಿ ವೆಲ್ಡ್ ಮಾಡಿಸಿದೆ. ನೋಡೋಕೆ ಲಕ್ಷಣವಾಗಿತ್ತು. ಬಾಗಿಲು ಹಾಕಲು ಹೋದರೆ ಹಿಂದಿನ ಕಂಬಕ್ಕೆ ಬಡಿಯಿತು. ಕೊಯ್ದ ರಾತ್ರಿಯೇ ಗಾಡಿ ತನ್ನ ಭಾರಕ್ಕೆ ಬಗ್ಗಿತ್ತು. ಬಗ್ಗಿದ ಗಾಡಿಗೆ ನಾನು ನೀಟಾಗಿ ವೆಲ್ಡಿಂಗ್ ಹೊಡೆಸಿದ್ದೆ! ಎಲ್ಲ ಮತ್ತೆ ಕೊಯ್ಯಬೇಕಾಯಿತು. ಟಿಂಕರಿಂಗ್ ಮಾಡುವ ಹಿರಿಯರೊಬ್ಬರು ಬಂದು ನೋಡಿ, ಬೈಯಲೂ ಇಲ್ಲ, ಸುಮ್ಮನೆ ತಲೆ ಕೆರೆದುಕೊಂಡರು. ಆಮೇಲೆ ಅವರೇ ಹೇಳಿಕೊಟ್ಟರು: ಮೊದಲು ಬಾಗಿಲ ಚೌಕಟ್ಟಿಗೆ ಆ ಮೂಲೆಯಿಂದ ಈ ಮೂಲೆಗೆ ಆಂಗಲ್ ಪಟ್ಟಿ ಕೊಟ್ಟು ಬಿಗಿ ಮಾಡಬೇಕು. ಗಾಡಿ ಸಮ ನಿಂತಿರಬೇಕು. ಒಂದು ಕಡೆ ಮುಗಿಯುವ ತನಕ ಇನ್ನೊಂದು ಕಡೆ ಮುಟ್ಟಬಾರದು. ಒಂದು ಸಲಕ್ಕೆ ಒಂದು ಗೇಣಿಗಿಂತ ಹೆಚ್ಚು ಕೊಯ್ಯಬಾರದು. ಪ್ರತಿ ತುಂಡು ಕೂರಿಸಿದ ಮೇಲೆ ಬಾಗಿಲು ಹಾಕಿ ನೋಡಬೇಕು. ಆ ಎಡಗಡೆಗೇ ಒಂದು ಮಳೆಗಾಲ ಹೋಯಿತು.

ವೆಲ್ಡಿಂಗಿಗೆ ಮುಂಚೆ ಬ್ಯಾಟರಿ ಬಿಚ್ಚಿ, ಸೀಟು ತೆಗೆದು, ಪೆಟ್ರೋಲ್ ಟ್ಯಾಂಕನ್ನು ಇಳಿಸಿ ದೂರ ಇಡಿ. ಟ್ಯಾಂಕ್ ಖಾಲಿ ಇದೆ ಅನ್ನುವ ಧೈರ್ಯ ಬೇಡ, ಖಾಲಿ ಟ್ಯಾಂಕಿನಲ್ಲಿ ಪೆಟ್ರೋಲಿನ ಆವಿ ತುಂಬಿರುತ್ತದೆ. ಗಾಡಿಯ ಕೆಳಗೆ ಮಲಗುವಾಗ ಜ್ಯಾಕನ್ನು ಮಾತ್ರ ನಂಬಬೇಡಿ, ಸ್ಟ್ಯಾಂಡ್ ಕೊಡಿ. ಇಟ್ಟಿಗೆ ಜೋಡಿಸುವುದು ಬೇಡ, ಅದು ಸಿಡಿಯುತ್ತದೆ.

ತುಕ್ಕು ತೆಗೆಯುವುದು ಮಾತ್ರ ಮನೆಯಲ್ಲೇ ಮಾಡಬೇಕಾದ ಕೆಲಸ. ಕೂಲಿ ಕೊಟ್ಟರೆ ಅಷ್ಟು ತಾಳ್ಮೆಯಿಂದ ಯಾರೂ ಮಾಡುವುದಿಲ್ಲ. ಸಣ್ಣ ಬೋಲ್ಟು, ಹಿಂಜ್‌ಗಳನ್ನು ನಾನು ಹುಣಸೆಹಣ್ಣಿನ ನೀರಿನಲ್ಲಿ ನೆನೆಹಾಕುತ್ತೇನೆ. ತಂಬಿಗೆ ಬೆಳಗುವ ಹುಳಿಯೇ ತುಕ್ಕನ್ನೂ ಬಿಡಿಸುತ್ತದೆ. ಎರಡು ದಿನ ಬಿಟ್ಟು ವೈರ್ ಬ್ರಷ್ಷಿನಲ್ಲಿ ಉಜ್ಜಿ, ತೊಳೆದು, ಆಗಲೇ ಒಣಗಿಸಿ ಪ್ರೈಮರ್ ಹೊಡೆಯಬೇಕು. ಸಂಜೆಗೆ ಹೊಡೆಯೋಣ ಅಂತ ಬಿಟ್ಟರೆ ಹೊಸ ತುಕ್ಕು ಬಂದಿರುತ್ತದೆ. ಅಮ್ಮ ಒಮ್ಮೆ ಸಾರಿಗೆ ಅಂತ ಆ ಬೋಗುಣಿಗೆ ಕೈ ಹಾಕಿ ಹೊರತೆಗೆದದ್ದು ಹದಿನಾಲ್ಕು ಬೋಲ್ಟು. ಅಂದಿನಿಂದ ನನ್ನ ಬೋಗುಣಿ ಬಚ್ಚಲು ಮನೆಯಲ್ಲಿ.

ಬ್ರೇಕಿನ ವಿಷಯ ಚಿಕ್ಕದು. ನಿಂತಿದ್ದ ಗಾಡಿಯ ಎಲ್ಲ ರಬ್ಬರ್ ಎಸೆಯಿರಿ. ಮಾಸ್ಟರ್ ಸಿಲಿಂಡರ್, ವೀಲ್ ಸಿಲಿಂಡರಿನ ವಾಷರ್, ಹೋಸ್ ಯಾವುದನ್ನೂ "ಇನ್ನೂ ಚೆನ್ನಾಗಿದೆ" ಅಂತ ಉಳಿಸಬೇಡಿ. ಪೆಟ್ರೋಲ್ ಪೈಪ್, ಪಂಪಿನ ಡಯಾಫ್ರಾಮ್ ಕೂಡ. ಈಗ ಬಂಕಿನಲ್ಲಿ ಸಿಗುವುದು ಇಪ್ಪತ್ತು ಪರ್ಸೆಂಟ್ ಎಥನಾಲ್ ಬೆರೆತ ಪೆಟ್ರೋಲು. ಹಳೆ ಕಾಲದ ರಬ್ಬರ್ ಅದಕ್ಕೆ ಉಬ್ಬುತ್ತದೆ, ಮೆತ್ತಗಾಗುತ್ತದೆ. ಎಥನಾಲ್ ನೀರನ್ನೂ ಎಳೆದುಕೊಳ್ಳುತ್ತದೆ. ಹಾಗಾಗಿ ಟ್ಯಾಂಕ್ ತುಂಬಿಸಿ ತಿಂಗಳುಗಟ್ಟಲೆ ನಿಲ್ಲಿಸಬೇಡಿ, ವಾರಕ್ಕೊಮ್ಮೆ ಓಡಿಸಿ.

ಕಾಗದಪತ್ರದ ಬಗ್ಗೆ ಒಂದು ತಪ್ಪು ಕಲ್ಪನೆ ಇದೆ, ಹಳೆ ಕಾರೆಲ್ಲ ವಿಂಟೇಜ್ ಅಂತ. 2021ರ ನಿಯಮದ ಪ್ರಕಾರ ಮೊದಲ ರಿಜಿಸ್ಟ್ರೇಷನ್ ಆಗಿ ಐವತ್ತು ವರ್ಷ ದಾಟಿದ್ದಕ್ಕೆ ಮಾತ್ರ ಆ ಹೆಸರು. ಅದಕ್ಕೆ ನಂಬರಿನಲ್ಲಿ 'ವಿಎ' ಅಂತ ಬರುತ್ತದೆ, ದಿನನಿತ್ಯ ಓಡಿಸುವ ಹಾಗಿಲ್ಲ. ನನ್ನದು 1984ರದ್ದು, ಸುಮ್ಮನೆ ಹಳೆ ಕಾರು. ಐದು ವರ್ಷಕ್ಕೊಮ್ಮೆ ಆರ್‌ಟಿಒ ಮುಂದೆ ನಿಲ್ಲಿಸಿ ರಿಜಿಸ್ಟ್ರೇಷನ್ ಮುಂದುವರಿಸಬೇಕು. ಬಾಡಿಯೇ ಚಾಸಿ ಆಗಿರುವುದರಿಂದ ಚಾಸಿ ನಂಬರನ್ನು ತಗಡಿನ ಮೇಲೇ ಕೊರೆದಿರುತ್ತಾರೆ. ಆ ಜಾಗಕ್ಕೆ ಗ್ರೈಂಡರ್ ಹೋಗದಂತೆ ಮೊದಲೇ ಟೇಪ್ ಅಂಟಿಸಿ ಇಡಿ.

ಖರ್ಚು? ನನ್ನ ಲೆಕ್ಕದ ಪುಸ್ತಕದಲ್ಲಿ ತಗಡಿಗೆ ಹೋದದ್ದು ಎಂಜಿನ್ನಿಗೆ ಹೋದದ್ದರ ಮೂರರಷ್ಟು. ಅದರ ಮೊತ್ತ ನನಗೂ ಆ ಪುಸ್ತಕಕ್ಕೂ ಮಾತ್ರ ಗೊತ್ತು, ಮನೆಯಲ್ಲಿ ಗೊತ್ತಿಲ್ಲ.

ಕಳೆದ ತಿಂಗಳು ಸಂಡೂರಿನ ಹತ್ತಿರದ ಹುಡುಗನೊಬ್ಬ ಫೋನ್ ಮಾಡಿದ್ದ. "ಸಾರ್, ತಾತನ ಗಾಡಿ. ಎಂಜಿನ್ ಅಲ್ಲಾಡ್ತಾನೇ ಇಲ್ಲ. ಗುಜರಿಗೆ ಹಾಕಿಬಿಡು ಅಂತಾರೆ ಎಲ್ಲರೂ." ಮ್ಯಾಟ್ ಎತ್ತಿ ಫೋಟೋ ಕಳಿಸಪ್ಪಾ ಅಂದೆ. ಕಳಿಸಿದ. ಒಂದು ಬೆರಳು ಕೆಂಪು ಧೂಳು. ಒರೆಸಿ ಇನ್ನೊಂದು ಕಳಿಸು ಅಂದೆ. ಧೂಳಿನ ಕೆಳಗೆ ಫ್ಯಾಕ್ಟರಿಯ ಪೇಂಟು ಹಾಗೇ ಇತ್ತು. ಗುಜರಿಯವರು ಬಂದರೆ ಗೇಟ್ ತೆಗೆಯಬೇಡ ಅಂತ ಹೇಳಿದೆ. ಈಗ ಅವನೂ ಡೀಸೆಲ್ ಬಿಟ್ಟು ಕಾಯುತ್ತಿದ್ದಾನೆ. ನಿನ್ನೆಗೆ ಒಂಬತ್ತು ದಿನ. ಇನ್ನೂ ಅಲ್ಲಾಡಿಲ್ಲ.