ಒಂದೇ ಪಾತ್ರ ಮಾಡಿ ಬೇಜಾರಾಗಲ್ವಾ ಅವಳಿಗೆ?

ಅಮೆರಿಕದ ಟಿವಿ ನಟಿ ಮರಿಷ್ಕಾ ಹಾರ್ಗಿಟೇ ನನ್ನ ಮೆಚ್ಚಿನ ನಟಿ ಅಂದ ಕೂಡಲೇ ಈ ಪ್ರಶ್ನೆ ಬರುತ್ತದೆ. 1999ರಿಂದ ಒಂದೇ ಧಾರಾವಾಹಿ, ಒಂದೇ ಪಾತ್ರ, ಬೇಜಾರಾಗಲ್ವಾ? ಅದರ ಹಿಂದೆಯೇ ಇನ್ನೊಂದು: ಅಷ್ಟು ಚೆನ್ನಾಗಿ ನಟಿಸೋಳಾದ್ರೆ ಸಿನಿಮಾಗೆ ಯಾಕೆ ಹೋಗಲಿಲ್ಲ? ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದರ ಲಿಂಕ್ ಕಳಿಸುತ್ತೇನೆ.

ಒಂದು ಗೃಹಪ್ರವೇಶದ ಊಟದಲ್ಲಿ ಪಕ್ಕದಲ್ಲಿ ಕೂತಿದ್ದವರು, ಎಲೆಗೆ ಸಾರು ಬೀಳುವ ಮೊದಲೇ, 'ಸೀರಿಯಲ್‌ನಲ್ಲೇ ಉಳಿದಳು ಅಂದ್ರೆ ಸಿನಿಮಾದಲ್ಲಿ ಆಗಲಿಲ್ಲ ಅಂತ ತಾನೇ?' ಅಂದರು. ನನಗೆ ಸಿಟ್ಟು ಬಂತು. ಪಾಯಸ ಬರೋವರೆಗೂ ಬಿಡದೆ ಮಾತಾಡಿದೆ. ಇಲ್ಲೂ ಅದನ್ನೇ ಹೇಳುತ್ತೇನೆ.

ಸಿನಿಮಾ ಅಂದರೇನು ಅಂತ ಮರಿಷ್ಕಾಗೆ ಯಾರೂ ಹೇಳಿಕೊಡಬೇಕಿಲ್ಲ. ಅವರ ತಾಯಿ ಜೇನ್ ಮ್ಯಾನ್ಸ್‌ಫೀಲ್ಡ್, 1950ರ ದಶಕದ ದೊಡ್ಡ ಹಾಲಿವುಡ್ ತಾರೆ. 1967ರಲ್ಲಿ ಕಾರು ಅಪಘಾತದಲ್ಲಿ ತೀರಿಕೊಂಡಾಗ ಜೇನ್‌ಗೆ 34 ವರ್ಷ. ಮೂರು ವರ್ಷದ ಮರಿಷ್ಕಾ ಅದೇ ಕಾರಿನ ಹಿಂದಿನ ಸೀಟಿನಲ್ಲಿದ್ದರು. ಮುಂದೆ ಸಣ್ಣಪುಟ್ಟ ಪಾತ್ರಗಳನ್ನು ಮಾಡುತ್ತಾ ವರ್ಷಗಳು ಕಳೆದವು. 1999ರ ಸೆಪ್ಟೆಂಬರ್‌ನಲ್ಲಿ, ಲೈಂಗಿಕ ಅಪರಾಧಗಳ ತನಿಖೆ ಮಾಡುವ ಪೊಲೀಸರ ಕತೆಯಾದ 'ಲಾ ಅಂಡ್ ಆರ್ಡರ್: ಸ್ಪೆಷಲ್ ವಿಕ್ಟಿಮ್ಸ್ ಯುನಿಟ್' ಧಾರಾವಾಹಿ ಶುರುವಾದಾಗ ಅವರಿಗೆ 35. ತಾಯಿ ಕಾಣದ ವಯಸ್ಸಿನಲ್ಲಿ ಮಗಳ ನಿಜವಾದ ವೃತ್ತಿ ಆರಂಭವಾಯಿತು. ಹಾಗೆ ಬಂದವರನ್ನು ಸಿನಿಮಾ ಯಾಕೆ ಮಾಡಲಿಲ್ಲ ಅಂತ ಕೇಳಬೇಕಾ?

ಒಂದೇ ಪಾತ್ರ ಅನ್ನೋದೂ ಪೂರ್ತಿ ಸರಿಯಲ್ಲ. ಅವರ ಪಾತ್ರ ಒಲಿವಿಯಾ ಬೆನ್ಸನ್ ನ್ಯೂಯಾರ್ಕ್ ಪೊಲೀಸ್‌ನಲ್ಲಿ ಡಿಟೆಕ್ಟಿವ್ ಆಗಿದ್ದಳು, ಈಗ ಕ್ಯಾಪ್ಟನ್. ಅತ್ಯಾಚಾರಕ್ಕೊಳಗಾದ ತಾಯಿಗೆ ಹುಟ್ಟಿದವಳು, ಆಮೇಲೆ ತಾನೇ ಒಂದು ಮಗುವನ್ನು ದತ್ತು ತೆಗೆದುಕೊಳ್ಳುತ್ತಾಳೆ. 2011ರಲ್ಲಿ ಜೊತೆ ನಟ ಕ್ರಿಸ್ಟೊಫರ್ ಮೆಲೋನಿ ಧಾರಾವಾಹಿ ಬಿಟ್ಟು ಹೋದಾಗ ಇನ್ನು ಇದು ಮುಗೀತು ಅಂದುಕೊಂಡವರೇ ಜಾಸ್ತಿ. ಮರಿಷ್ಕಾ ಉಳಿದರು, ಭಾರವೆಲ್ಲ ಹೆಗಲಿಗೆ ಹಾಕಿಕೊಂಡರು, ಕೆಲವು ಕಂತುಗಳನ್ನು ನಿರ್ದೇಶಿಸಿದರು. 2021ರಲ್ಲಿ 500 ಕಂತು ದಾಟಿತು. ಗಾಯಕಿ ಟೇಲರ್ ಸ್ವಿಫ್ಟ್ ತನ್ನ ಬೆಕ್ಕಿಗೆ ಒಲಿವಿಯಾ ಬೆನ್ಸನ್ ಅಂತಲೇ ಹೆಸರಿಟ್ಟಿದ್ದಾಳೆ, ನೋಡಿ.

ಬೇಜಾರಿನ ಮಾತು ಬಿಡಿ. ಜನ ಅವರಿಗೆ ಬರೆದ ಪತ್ರಗಳು ಏನಾದವು ಅಂತ ನನ್ನನ್ನು ಯಾರಾದರೂ ಕೇಳಬಾರದೇ?

ಧಾರಾವಾಹಿ ಶುರುವಾದ ಮೇಲೆ ಹೆಂಗಸರು ಮರಿಷ್ಕಾಗೆ ಬರೆಯತೊಡಗಿದರು. ಹಸ್ತಾಕ್ಷರ ಕೇಳೋದಕ್ಕಲ್ಲ. ತಮ್ಮ ಮೇಲೆ ನಡೆದ ಅತ್ಯಾಚಾರವನ್ನು ಹೇಳಿಕೊಳ್ಳೋದಕ್ಕೆ. ಎಷ್ಟೋ ಜನ ಮೊದಲ ಸಲ ಬಾಯಿಬಿಟ್ಟದ್ದು ಅವರ ಹತ್ತಿರವೇ. ಓದಿ ಸುಮ್ನೆ ಪಕ್ಕಕ್ಕಿಡಬಹುದಿತ್ತು. ಮರಿಷ್ಕಾ ಸಂತ್ರಸ್ತರಿಗೆ ನೆರವಾಗುವ ತರಬೇತಿ ಪಡೆದರು, 2004ರಲ್ಲಿ ಜಾಯ್‌ಫುಲ್ ಹಾರ್ಟ್ ಫೌಂಡೇಶನ್ ಕಟ್ಟಿದರು.

2009ರಲ್ಲಿ ಡೆಟ್ರಾಯ್ಟ್‌ನ ಒಂದು ಪೊಲೀಸ್ ಗೋದಾಮಿನಲ್ಲಿ 11,000ಕ್ಕೂ ಹೆಚ್ಚು ಸಾಕ್ಷ್ಯದ ಕಿಟ್‌ಗಳು ಸಿಕ್ಕವು. ಅತ್ಯಾಚಾರ ಆದ ಮೇಲೆ ಆಸ್ಪತ್ರೆಯಲ್ಲಿ ಗಂಟೆಗಟ್ಟಲೆ ಮೈಯೆಲ್ಲ ಪರೀಕ್ಷೆ ಮಾಡಿಸಿಕೊಂಡು ಹೆಣ್ಣುಮಕ್ಕಳು ಕೊಟ್ಟ ಸಾಕ್ಷ್ಯ ಅದು. ಪ್ರಯೋಗಾಲಯಕ್ಕೇ ಹೋಗದೆ ಪೆಟ್ಟಿಗೆಗಳಲ್ಲಿ ಬಿದ್ದಿತ್ತು. ಅಲ್ಲಿನ ಪ್ರಾಸಿಕ್ಯೂಟರ್ ಕಿಮ್ ವರ್ದಿ ಜೊತೆ ಮರಿಷ್ಕಾ ನಿಂತರು. ಇದರ ಬಗ್ಗೆ 'ಐ ಆ್ಯಮ್ ಎವಿಡೆನ್ಸ್' ಎಂಬ ಸಾಕ್ಷ್ಯಚಿತ್ರ ನಿರ್ಮಿಸಿದರು. ಬೇರೆ ಊರುಗಳಲ್ಲೂ ಹೀಗೆ ಬಿದ್ದಿರುವ ಕಿಟ್‌ಗಳನ್ನು ಪರೀಕ್ಷೆ ಮಾಡಿಸಲು ಅವರ ಸಂಸ್ಥೆ ಇವತ್ತಿಗೂ ಬೆನ್ನು ಬಿದ್ದಿದೆ.

2024ರ ಜನವರಿಯಲ್ಲಿ ಮರಿಷ್ಕಾ ತಮ್ಮದನ್ನೂ ಬರೆದರು. ಮೂವತ್ತರ ಹರೆಯದಲ್ಲಿ ಸ್ನೇಹಿತನೊಬ್ಬ ಅವರ ಮೇಲೆ ಅತ್ಯಾಚಾರ ಮಾಡಿದ್ದ. ಅದನ್ನು ಓದಿದ ಮೇಲೆ ಹಳೆಯ ಕಂತುಗಳನ್ನು ನನಗೆ ಮೊದಲಿನ ಹಾಗೆ ನೋಡೋಕಾಗಲಿಲ್ಲ.

ಇಷ್ಟಾದ ಮೇಲೂ ಅನುಮಾನವಿದ್ದರೆ ಏಳನೇ ಸೀಸನ್‌ನ '911' ಕಂತು ನೋಡಿ (911 ಅಂದರೆ ಅಮೆರಿಕದ ತುರ್ತು ಸಹಾಯದ ಫೋನ್ ನಂಬರ್). ಯಾವುದೋ ಕೋಣೆಯಲ್ಲಿ ಸಿಕ್ಕಿಹಾಕಿಕೊಂಡ ಒಂಬತ್ತು ವರ್ಷದ ಹುಡುಗಿಯ ಫೋನ್ ಬರುತ್ತದೆ. ಇದು ಯಾರದೋ ಆಟ ಅಂತ ಉಳಿದವರು ಅನುಮಾನಿಸಿದರೂ ಬೆನ್ಸನ್ ರಿಸೀವರ್ ಕೆಳಗಿಡುವುದಿಲ್ಲ. ಹೆಚ್ಚುಕಮ್ಮಿ ಇಡೀ ಕಂತಿನಲ್ಲಿ ಮರಿಷ್ಕಾ ಎದುರಿಗೆ ಆ ಮಗುವಿಲ್ಲ, ಬರೀ ದನಿ ಇದೆ. ಅಮೆರಿಕದ ಟಿವಿಯ ದೊಡ್ಡ ಪ್ರಶಸ್ತಿಯಾದ ಎಮ್ಮಿ 2006ರಲ್ಲಿ ಅದಕ್ಕೇ ಬಂತು. ನೋಡಿಕೊಂಡು ಬನ್ನಿ, ಆಮೇಲೆ ಮಾತಾಡೋಣ.