ಕಾಯಿ ಹಣ್ಣಾಗುವ ತನಕ

ತಿಪಟೂರು ಸೀಮೆಯ ನಮ್ಮೂರಿನಲ್ಲಿ ರಾಮಮಂದಿರದ ಹಿಂದೆ ಒಂದು ಬೇಲದ ಮರವಿದೆ. ಫಾಲ್ಗುಣ ಮುಗಿಯುತ್ತಾ ಬಂದಂತೆ ಅಪ್ಪ ಅದರಡಿ ಉದುರಿದ ಕಾಯಿಗಳನ್ನು ಆರಿಸಿ, ಟವಲ್ಲಿನಲ್ಲಿ ಗಂಟು ಕಟ್ಟಿ ತಂದು, ತಾರಸಿಯ ಮೇಲೆ ಹುಲ್ಲು ಹಾಸಿ ಬಿಸಿಲಿಗೆ ಇಡುತ್ತಾರೆ. ರಾಮನವಮಿಯ ಪಾನಕಕ್ಕೆ ಅವು ಬೇಕು. ನಿಂಬೆಹಣ್ಣಿನ ಪಾನಕ ಎಲ್ಲರ ಮನೆಯಲ್ಲೂ ಆಗುತ್ತದೆ, ಕರಬೂಜದ್ದೂ ಮಾಡುತ್ತಾರೆ. ದೇವಸ್ಥಾನದ ಕೊಳಗಕ್ಕೆ ಮಾತ್ರ ಬೇಲದ ಹಣ್ಣಿನದೇ ಆಗಬೇಕು.

2025ರಲ್ಲಿ ಯುಗಾದಿಯೂ ಭಾನುವಾರ, ರಾಮನವಮಿಯೂ ಭಾನುವಾರ. ಮಾರ್ಚ್ 30ಕ್ಕೆ ಪಾಡ್ಯ, ಏಪ್ರಿಲ್ 6ಕ್ಕೆ ನವಮಿ. ನಡುವೆ ಒಂದು ತಿಥಿ ಕ್ಷಯವಾಗಿ ಒಂಬತ್ತು ತಿಥಿ ಎಂಟೇ ದಿನದಲ್ಲಿ ಮುಗಿದಿತ್ತು. ಮಕ್ಕಳ ಪರೀಕ್ಷೆ ಆಗಿತ್ತು. ಮಗನಿಗೆ ಏಳು ವರ್ಷ, ಮಗಳಿಗೆ ಇನ್ನೂ ನಾಲ್ಕು ತುಂಬಿರಲಿಲ್ಲ. ಬೆಂಗಳೂರಿನ ಮನೆಗೆ ಬೀಗ ಹಾಕಿ ಎಂಟೂ ದಿನ ಊರಲ್ಲೇ ಇರೋಣ ಅಂತ ಬಂದುಬಿಟ್ಟೆವು.

ಯುಗಾದಿಯ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದು ಎಲ್ಲರ ಮನೆಯ ಹಬ್ಬ. ಎಣ್ಣೆ ನೀರು, ಮಾವಿನ ತೋರಣ, ಬೇವಿನ ಕಡ್ಡಿ, ಒಬ್ಬಟ್ಟು, ಒಬ್ಬಟ್ಟಿನ ಸಾರು, ಮಾವಿನಕಾಯಿ ಚಿತ್ರಾನ್ನ. ಅಪ್ಪ 'ಶತಾಯುರ್ವಜ್ರದೇಹಾಯ' ಅಂತ ಹೇಳುತ್ತಾ ಬೇವು ಬೆಲ್ಲ ಕೈಗೆ ಹಾಕಿದರು. ಬೇವಿನ ಮರವೆಲ್ಲ ಹೂವಾಗಿತ್ತು, ಅಂಗಳದಲ್ಲಿ ಸಣ್ಣ ಬಿಳಿ ಹೂವು ಅಕ್ಕಿಯ ನುಚ್ಚಿನ ಹಾಗೆ ಉದುರಿತ್ತು. ಊರಿನಲ್ಲಿ ಉಳಿದಿರುವ ಕೆಲವೇ ಜೊತೆ ಎತ್ತುಗಳಿಗೆ ಕೊಂಬಿಗೆ ಹೂವು ಸುತ್ತಿ ಹೊನ್ನಾರು ಕಟ್ಟಿದರು. ನೇಗಿಲು ಮಣ್ಣಿಗಿಳಿದ ಮೊದಲ ಸಾಲಿನಲ್ಲಿ ಮಗ ಬರಿಗಾಲಲ್ಲಿ ಹಿಂದೆಯೇ ನಡೆದ. 'ಅಮ್ಮ, ಮಣ್ಣು ಒಳಗೆ ತಣ್ಣಗಿದೆ' ಅಂದ. ಆ ಸಂಜೆ ಪಶ್ಚಿಮದಲ್ಲಿ ಉಗುರಿನಷ್ಟು ಚಂದ್ರ ಕಂಡ. ಅದೇ ಚಂದ್ರನನ್ನು ನೋಡಿದ ಮುಸ್ಲಿಮರಿಗೆ ಮರುದಿನ ರಂಜಾನ್. ಒಂದೇ ಚಂದ್ರ ಎರಡು ಹಬ್ಬ ತಂದದ್ದನ್ನು ನೆನೆದರೆ ಈಗಲೂ ಮನಸ್ಸು ತುಂಬುತ್ತದೆ.

ನಾನು ಹೇಳಬೇಕೆಂದಿರುವುದು ಅದರ ಮುಂದಿನ ದಿನಗಳ ವಿಷಯ.

ಮರುದಿನ ಬೆಳಿಗ್ಗೆ ತಾರಸಿ ಹತ್ತಿದ ಮಕ್ಕಳಿಗೆ ಬೇಲದ ಕಾಯಿ ಕಂಡವು. ಬೂದು ಬಿಳುಪಿನ ಸಿಪ್ಪೆ, ಕ್ರಿಕೆಟ್ ಚೆಂಡಿನ ಗಾತ್ರ, ಕಲ್ಲಿನಷ್ಟು ಗಟ್ಟಿ. 'ಇದೇನು ತಾತ?' ಅಂದ ಮಗ. 'ಇದಾ? ಕಪಿತ್ಥ' ಅಂದರು ಅಪ್ಪ. ಹುಡುಗ ಒಂದು ಕ್ಷಣ ಸುಮ್ಮನಾದ. ದಿನಾ ಬೆಳಿಗ್ಗೆ ಅವನು ಹೇಳುವ ಗಣಪತಿ ಶ್ಲೋಕದಲ್ಲಿ 'ಕಪಿತ್ಥ ಜಂಬೂಫಲ ಸಾರ ಭಕ್ಷಿತಂ' ಅಂತ ಬರುತ್ತದಲ್ಲ! ಎರಡು ವರ್ಷದಿಂದ ಬಾಯಲ್ಲಿ ಆಡುತ್ತಿದ್ದ ಮಾತು ಈಗ ಅವನ ಅಂಗೈಯಲ್ಲಿ ಕೂತಿತ್ತು. ಮೂಗಿನ ಹತ್ತಿರ ಹಿಡಿದು, 'ಗಣಪತಿ ಇದನ್ನೇನಾ ತಿನ್ನೋದು?' ಅಂತ ಕೇಳಿದ ಅವನ ದನಿಯಲ್ಲಿದ್ದ ಬೆರಗು ನನ್ನನ್ನು ತಟ್ಟಿತು. ಶ್ಲೋಕ ಕಲಿಸಿದವಳು ನಾನು. ಹಣ್ಣು ತೋರಿಸಿದ್ದು ಅವರ ತಾತ.

ಹಣ್ಣಾಗಿದೆಯೋ ಇಲ್ಲವೋ ನೋಡುವುದನ್ನೂ ಅಪ್ಪನೇ ಕಲಿಸಿದರು. ಬೇಲದ ಸಿಪ್ಪೆ ಬಣ್ಣ ಬದಲಿಸಿ ಗುಟ್ಟು ಬಿಡುವುದಿಲ್ಲ, ಒತ್ತಿದರೆ ಮೆತ್ತಗಾಗುವುದೂ ಇಲ್ಲ. ಒಂದಡಿ ಎತ್ತರದಿಂದ ನೆಲಕ್ಕೆ ಬಿಡಬೇಕು. ಕಾಯಾಗಿದ್ದರೆ ಟಣ್ ಅಂತ ಪುಟಿಯುತ್ತದೆ. ಹಣ್ಣಾಗಿದ್ದರೆ ದಪ್ ಅಂತ ಬಿದ್ದು ಅಲ್ಲೇ ಕೂರುತ್ತದೆ.

ಅವತ್ತಿನಿಂದ ಮಗಳಿಗೆ ಅದೇ ಕೆಲಸ. ಎದ್ದು ಮುಖ ತೊಳೆದವಳೇ ತಾತನ ಬೆರಳು ಹಿಡಿದು ತಾರಸಿಗೆ. ಒಂದೊಂದೇ ಕಾಯಿಯನ್ನು ಎರಡು ಕೈಯಲ್ಲಿ ಎತ್ತಿ, ಮೊಣಕಾಲಿನ ಎತ್ತರದಿಂದ ಬಿಟ್ಟು, ಕಿವಿಗೊಟ್ಟು ಕೇಳುತ್ತಿದ್ದಳು. ಟಣ್. 'ಇನ್ನೂ ಆಗಿಲ್ಲ.' ಮತ್ತೆ ಹುಲ್ಲಿನೊಳಗೆ. ಬುಧವಾರ ಒಂದು ಕಾಯಿ ಕೈ ಜಾರಿ ಮೆಟ್ಟಿಲಿನಿಂದ ಉರುಳಿ ಬಿರುಕು ಬಿಟ್ಟಿತು. ಒಳಗೆ ಇನ್ನೂ ಬೆಳ್ಳಗಿತ್ತು. ಮಗಳು ಬಿಕ್ಕಿ ಬಿಕ್ಕಿ ಅತ್ತಳು, ರಾಮನ ಹಣ್ಣು ಒಡೆದುಹೋಯಿತು ಅಂತ. ಅಮ್ಮ ಅದನ್ನು ಸೆರಗಿನಲ್ಲಿ ಒರೆಸಿ, 'ಅಳ್ಬೇಡ ಕಣೇ ಪುಟ್ಟಿ, ಕಾಯೂ ಅವನದೇ, ಹಣ್ಣೂ ಅವನದೇ' ಅಂದು ಒಳಗೆ ತೆಗೆದುಕೊಂಡು ಹೋದರು. ಹಸಿಮೆಣಸಿನಕಾಯಿ, ಉಪ್ಪು, ಒಂದು ತುಂಡು ಬೆಲ್ಲ ಹಾಕಿ ಒರಳಿನಲ್ಲಿ ರುಬ್ಬಿದ ಆ ಬೇಲದಕಾಯಿ ಚಟ್ನಿಯನ್ನು ಮಧ್ಯಾಹ್ನ ಬಿಸಿ ಅನ್ನಕ್ಕೆ ಕಲಸಿಕೊಂಡು ಉಂಡೆವು. ಹುಳಿ, ಒಗರು, ಖಾರ, ಸಿಹಿ ಒಂದರ ಹಿಂದೊಂದು ನಾಲಿಗೆಗೆ ಬಂದವು.

ಆ ದಿನಗಳಲ್ಲಿ ನಾನು ಶಬರಿಯ ಬಗ್ಗೆ ಬಹಳ ಯೋಚಿಸಿದೆ. ರಾತ್ರಿ ಅಂಗಳದಲ್ಲಿ ಚಾಪೆ ಹಾಕಿಕೊಂಡು ಮಲಗಿದಾಗ ಮಕ್ಕಳಿಗೆ ಹೇಳಿದ್ದೂ ಅವಳ ಕಥೆಯನ್ನೇ. ಹಣ್ಣನ್ನು ಕಚ್ಚಿ ನೋಡಿ ಸಿಹಿಯಾದದ್ದನ್ನೇ ರಾಮನಿಗೆ ಕೊಟ್ಟಳು ಅನ್ನುವುದನ್ನು ನಾವೆಲ್ಲ ಕೇಳಿ ಬೆಳೆದವರು. ವಾಲ್ಮೀಕಿ ರಾಮಾಯಣದಲ್ಲಿ ಆ ಎಂಜಲಿನ ಮಾತಿಲ್ಲ, ಅದು ಆಮೇಲೆ ಭಕ್ತರ ಬಾಯಲ್ಲಿ ಬೆಳೆದದ್ದು. ವಾಲ್ಮೀಕಿಗಳಲ್ಲಿ ಇರುವುದು ಇಷ್ಟು: ರಾಮ ಚಿತ್ರಕೂಟಕ್ಕೆ ಬಂದಿದ್ದ ಕಾಲದಲ್ಲಿ, ಮತಂಗಾಶ್ರಮದ ಋಷಿಗಳು ಲೋಕ ಬಿಡುವಾಗ, 'ರಾಮ ಈ ಆಶ್ರಮಕ್ಕೆ ಬರುತ್ತಾನೆ' ಅಂತ ಅವಳಿಗೆ ಹೇಳಿ ಹೋದರು. ಅವಳು ಒಬ್ಬಳೇ ಉಳಿದಳು. ಪಂಪಾ ತೀರದಲ್ಲಿ ಬೆಳೆದ ಕಾಡಿನ ಹಣ್ಣು ಹಂಪಲನ್ನು ಅವನಿಗಾಗಿ ಕೂಡಿಟ್ಟಳು. ರಾಮ ಬಂದದ್ದು ವರ್ಷಗಳು ಕಳೆದ ಮೇಲೆ.

ಆ ಪಂಪೆ ನಮ್ಮದೇ ನೆಲ. ಆನೆಗೊಂದಿಯ ಹತ್ತಿರ ಪಂಪಾ ಸರೋವರದ ಪಕ್ಕದಲ್ಲಿ ಶಬರಿಯ ಗುಹೆ ಅಂತ ಇವತ್ತಿಗೂ ತೋರಿಸುತ್ತಾರೆ. ರಾಮ ನಮ್ಮ ನಾಡಿನ ಹಣ್ಣು ಉಂಡವನು. ಇದನ್ನು ಹೇಳಿದಾಗ ಮಗನಿಗೆ ಆದ ಸಂತೋಷಕ್ಕಿಂತ ನನ್ನದೇ ಒಂದು ಕೈ ಹೆಚ್ಚಿತ್ತು.

ಕಚ್ಚಿ ನೋಡಿದ ಕಥೆಯೂ ನನಗೆ ಪ್ರಿಯವೇ. ಆದರೂ ನನ್ನನ್ನು ಹಿಡಿದು ನಿಲ್ಲಿಸುವುದು ಅವಳು ಕಾದದ್ದು. ಪ್ರತಿದಿನ ದಾರಿ ಗುಡಿಸಿದ್ದಾಳು, ಪ್ರತಿ ಋತುವಿನಲ್ಲಿ ಆಯಾ ಋತುವಿನ ಹಣ್ಣು ತಂದಿದ್ದಾಳು, ಬಾಡಿದ್ದನ್ನು ತೆಗೆದು ಹೊಸದನ್ನು ಇಟ್ಟಿದ್ದಾಳು. ನಮ್ಮ ಭಾಷೆಯಲ್ಲಿ ಕಾಯಿ ಅನ್ನುವುದಕ್ಕೂ ಕಾಯುವುದಕ್ಕೂ ಒಂದೇ ಸದ್ದು. ಕಷ್ಟ ಬಂದಾಗ 'ಕಾಯಪ್ಪಾ ರಾಮ' ಅನ್ನುವಾಗಲೂ ಅದೇ ಮಾತು. ಬೆಂಗಳೂರಿನ ಮನೆಯಲ್ಲಿ ನನ್ನ ಮಕ್ಕಳು ಕೇಳಿದ ಹಣ್ಣು ಹತ್ತು ನಿಮಿಷದಲ್ಲಿ ಬಾಗಿಲಿಗೆ ಬರುತ್ತದೆ. ಅವರಿಗೆ ಹಸಿವು ಗೊತ್ತು, ರುಚಿ ಗೊತ್ತು, ಕಾಯುವುದು ಗೊತ್ತಿರಲಿಲ್ಲ. ಅದನ್ನು ನಾನು ಕಲಿಸಿಯೇ ಇರಲಿಲ್ಲ ಅನ್ನುವುದು ಆ ಚಾಪೆಯ ಮೇಲೆ ಮಲಗಿದಾಗ ನೋವಿನಿಂದ ಅರಿವಾಯಿತು.

ಶನಿವಾರ ಬೆಳಿಗ್ಗೆ ಮಗಳು ಮೆಟ್ಟಿಲಿಳಿದು ಓಡಿ ಬಂದಳು. 'ಅಜ್ಜೀ, ದಪ್ ಅಂತು!'

ಒಂದಲ್ಲ, ಹನ್ನೊಂದು ಹಣ್ಣಾಗಿದ್ದವು. ನವಮಿಯ ದಿನ ಬೆಳಕು ಹರಿಯುವ ಮೊದಲೇ ಅಮ್ಮ ಸ್ನಾನ ಮಾಡಿ, ಮಡಿಯುಟ್ಟು, ಹಿತ್ತಲ ಕಲ್ಲಿಗೆ ಹಣ್ಣು ಕುಟ್ಟಿ ಒಡೆದರು. ಒಳಗೆ ಕಂದು ಬಣ್ಣದ ತಿರುಳು, ಬೀಜ, ನಾರು, ಮನೆ ತುಂಬುವ ಹುಳಿ ಸಿಹಿ ವಾಸನೆ. ಚಮಚದಲ್ಲಿ ಕೆರೆದು ನೀರಿನಲ್ಲಿ ನೆನೆಸಿ, ಕೈಯಿಂದ ಕಿವುಚಿ, ತೆಳು ಬಟ್ಟೆಯಲ್ಲಿ ಸೋಸಿ, ಪುಡಿ ಮಾಡಿದ ಬೆಲ್ಲ ಕರಗಿಸಿ, ಏಲಕ್ಕಿ, ಕುಟ್ಟಿದ ಕಾಳುಮೆಣಸು, ಒಣಶುಂಠಿ. ಇನ್ನೊಂದು ಕಡೆ ನೆನೆದ ಹೆಸರುಬೇಳೆಗೆ ಸೌತೆಕಾಯಿ, ಕಾಯಿತುರಿ, ಕೊತ್ತಂಬರಿ ಸೊಪ್ಪು, ಸಾಸಿವೆ ಇಂಗಿನ ಒಗ್ಗರಣೆ. ಉಪ್ಪು ಮಾತ್ರ ಕೊನೆಗೆ, ಬೇಗ ಹಾಕಿದರೆ ಸೌತೆಕಾಯಿ ನೀರು ಬಿಟ್ಟು ಕೋಸಂಬರಿ ಸಪ್ಪೆಯಾಗುತ್ತದೆ. ಇಷ್ಟೆಲ್ಲ ಆಗುವಾಗ ಅಮ್ಮ ಒಂದು ಹನಿಯನ್ನೂ ನಾಲಿಗೆಗೆ ಇಡಲಿಲ್ಲ. ಬೆಲ್ಲ ಸಾಕೋ ಬೇಕೋ ಅನ್ನುವುದನ್ನು ವಾಸನೆಯಿಂದಲೇ ಹೇಳಿದರು.

ಮಗಳು ಅಡುಗೆಮನೆಯ ಹೊಸಿಲಿನ ಮೇಲೆ ಕೂತಿದ್ದಳು. ವಾರವಿಡೀ ಕಾದ ಹಣ್ಣು ಎರಡು ಮಾರು ದೂರದಲ್ಲಿ, ಪಾತ್ರೆಯಲ್ಲಿ. 'ಈಗ ಕೊಡ್ತೀರಾ ಅಜ್ಜಿ?' 'ದೇವ್ರಿಗೆ ಆಗ್ಲಿ ಕಂದ.' ಮತ್ತೆ ಕೇಳಲಿಲ್ಲ. ನಾನಾದರೂ ಒಂದು ಚಮಚ ಕೊಟ್ಟುಬಿಡುತ್ತಿದ್ದೆ, ಇಷ್ಟು ಚಿಕ್ಕ ಮಗು, ದೇವರು ಬೇಡ ಅನ್ನುತ್ತಾನೆಯೇ ಅಂತ. ಈಗ ಅನಿಸುತ್ತದೆ, ಕೊಟ್ಟಿದ್ದರೆ ಅವಳಿಂದ ಏನನ್ನೋ ಕಸಿದುಕೊಂಡ ಹಾಗಾಗುತ್ತಿತ್ತು.

ರಾಮ ಹುಟ್ಟಿದ್ದು ನಡುಮಧ್ಯಾಹ್ನ, ಹಾಗಾಗಿ ಪೂಜೆಯೂ ಆಗಲೇ. ಗುಡಿಯ ಮುಂದೆ ತೆಂಗಿನ ಗರಿಯ ಚಪ್ಪರ, ಕೆಂಡದಂಥ ಬಿಸಿಲು, ಕೆರೆಯ ಕಡೆಯಿಂದ ಆಗೊಮ್ಮೆ ಈಗೊಮ್ಮೆ ಗಾಳಿ, ಹೊಂಗೆಯ ಹೊಸ ಎಲೆಯ ನೆರಳು. ಪುಟ್ಟ ತೊಟ್ಟಿಲಲ್ಲಿ ರಾಮನನ್ನು ಮಲಗಿಸಿ ಹೆಂಗಸರು ತೂಗಿದರು. ಮಗಳನ್ನೂ ಎತ್ತಿ ಹಿಡಿದೆ, ತೊಟ್ಟಿಲ ಹಗ್ಗವನ್ನು ಒಂದೇ ಬೆರಳಿನಿಂದ ಮುಟ್ಟಿದಳು. ಗಂಟೆ, ಜಾಗಟೆ, ಮಂಗಳಾರತಿ. ಅರ್ಚಕರು ಕೊಳಗದ ಮೇಲೆ ತುಳಸಿ ಹಾಕಿ ನೀರು ಸುತ್ತುಕಟ್ಟಿದರು.

ಆಮೇಲೆ ಹಂಚುವ ಸಂಭ್ರಮ. ಮಗ ತಾತನ ಜೊತೆ ರಸ್ತೆಗೇ ಹೋಗಿ ನಿಂತ. ತಿಪಟೂರಿನ ಬಸ್ಸು ಬಂದಾಗ ಡ್ರೈವರ್ ತಾನಾಗಿಯೇ ನಿಲ್ಲಿಸಿದರು. ಕಿಟಕಿಗಳಿಂದ ಕೈಗಳು ಚಾಚಿದವು, ಲೋಟಗಳು ಹೋದವು, ಬಂದವು. ಯಾರ ಮನೆ, ಯಾವ ಊರು ಅಂತ ಯಾರೂ ಕೇಳಲಿಲ್ಲ. ವಯಸ್ಸಾದವರಿಗೆ ಪಾನಕದ ಜೊತೆ ಒಂದೊಂದು ಬೀಸಣಿಗೆ. ಬೆವರಿಳಿಸುತ್ತಾ ಓಡಾಡುತ್ತಿದ್ದ ಮಗ ತಾನು ಕುಡಿದದ್ದು ಎಲ್ಲರದೂ ಆದ ಮೇಲೆ.

ಮಗಳು ಮಾತ್ರ ಗುಡಿಯ ಕಂಬಕ್ಕೆ ಒರಗಿ ಕೂತು, ಲೋಟವನ್ನು ಎರಡೂ ಕೈಯಲ್ಲಿ ಹಿಡಿದು, ಮೊದಲು ಕಣ್ಣಿಗೆ ಒತ್ತಿಕೊಂಡಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ, ಅಜ್ಜಿ ತೀರ್ಥ ತೆಗೆದುಕೊಳ್ಳುವುದನ್ನು ನೋಡಿದ್ದಳು ಅಷ್ಟೆ. ಒಂದು ಗುಟುಕು ಕುಡಿದಳು. ಮೆಣಸಿನ ಖಾರಕ್ಕೆ ಮೂಗು ಕೆಂಪಾಯಿತು. ನಿಲ್ಲಿಸಲಿಲ್ಲ. ತಳದಲ್ಲಿ ನಿಂತ ತಿರುಳನ್ನು ಬೆರಳಲ್ಲಿ ಬಳಿದು ಮುಗಿಸಿ ನನ್ನ ಕಡೆ ನೋಡಿದಳು. ಗುಡಿಯೊಳಗಿದ್ದ ರಾಮನಿಗೆ ನಾನು ಆ ಹೊತ್ತು ಏನನ್ನೂ ಬೇಡಲಿಲ್ಲ, ಕೈ ಮುಗಿದು ನಿಂತಿದ್ದೆ.

ಹೊರಡುವ ದಿನ ಅಪ್ಪ ಹಣ್ಣಾಗದೆ ಉಳಿದ ಒಂದು ಕಾಯಿಯನ್ನು ಅವಳ ಚೀಲಕ್ಕೆ ಹಾಕಿದರು. ಬೆಂಗಳೂರಿನ ಬಾಲ್ಕನಿಯಲ್ಲಿ ಬಿಸಿಲು ಬೀಳುವುದು ಬೆಳಿಗ್ಗೆ ಎರಡು ತಾಸು ಮಾತ್ರ. ಕಾಯಿ ಅಲ್ಲಿ ಹಳೆಯ ಟವಲ್ಲಿನ ಮೇಲೆ ಕೂತಿತ್ತು. ಮಾರನೆಯ ಬೆಳಿಗ್ಗೆ ಅವಳು ಎದ್ದು, ಮುಖ ತೊಳೆದು, ಅದನ್ನು ಮೊಣಕಾಲಿನ ಎತ್ತರದಿಂದ ಬಿಟ್ಟಳು.

ಟಣ್.

'ಇನ್ನೂ ಆಗಿಲ್ಲಮ್ಮ' ಅಂದು, ತಂದು ಮತ್ತೆ ಅಲ್ಲೇ ಇಟ್ಟಳು.