ಪುಸ್ತಕವಾಗಿ ಹೋದ ಮನುಷ್ಯ

27 ಜುಲೈ 2025, ಭಾನುವಾರ

ಅಮೆರಿಕದ ಸಂಗೀತ ವಿಮರ್ಶಕ ಗುಸ್ತಾವ್ ಕೊಬ್ಬೆ ತೀರಿಕೊಂಡದ್ದು ಇದೇ ತಾರೀಕು, 1918ರಲ್ಲಿ. ನ್ಯೂಯಾರ್ಕಿನ ಹತ್ತಿರ ಲಾಂಗ್ ಐಲ್ಯಾಂಡಿನ ಗ್ರೇಟ್ ಸೌತ್ ಬೇ ಕೊಲ್ಲಿಯಲ್ಲಿ ಹಾಯಿದೋಣಿ ನಡೆಸುತ್ತಿದ್ದರು. ನೀರಿಗಿಳಿಯಲು ಬಂದ ಸೀಪ್ಲೇನ್ ದೋಣಿಗೆ ಬಡಿಯಿತು. ಅಷ್ಟೇ. ವಯಸ್ಸು 61. ಒಪೆರಾಗಳ, ಅಂದ್ರೆ ಹಾಡಿನಲ್ಲೇ ನಡೆಯುವ ನಾಟಕಗಳ, ಕಥೆ ಹೇಳುವ ಅವರ ಪುಸ್ತಕದ ಬರವಣಿಗೆ ಹೆಚ್ಚುಕಡಿಮೆ ಮುಗಿದಿತ್ತು. ಕ್ಯಾಥರೀನ್ ರೈಟ್ ಉಳಿದದ್ದನ್ನು ಸೇರಿಸಿ, 1919ರಲ್ಲಿ ಪ್ರಿಂಟಾಯಿತು.

ಮಧ್ಯಾಹ್ನ ಭಾವ ನನ್ನ ಟ್ಯಾಬ್ ಇಸ್ಕೊಂಡು ಆ ಪುಸ್ತಕ ಓದಿದರು. ಪುಚ್ಚೀನಿಯ 'ಲಾ ಬೊಹೆಮ್' ಒಪೆರಾದ ಕಥೆ ಮುಗಿಸಿ ಮುಖ ಸಿಂಡರಿಸಿದರು.

"ಏನೇ ಇದು, ಯಾರು ಸಾಯ್ತಾರೆ ಅಂತ ಮೊದಲೇ ಹೇಳಿಬಿಟ್ಟಿದ್ದಾನೆ. ಆಮೇಲೆ ದುಡ್ಡು ಕೊಟ್ಟು ನೋಡೋದೇನಕ್ಕೆ?"

"ಅವರು ಹಾಡೋದು ಇಟಾಲಿಯನ್ನಲ್ಲಿ ಭಾವ. ನಿಮಗೆ ಬರುತ್ತಾ?"

"ಹಾಡು ಕೇಳಿದ್ರೆ ಸಾಲದಾ?"

ಸಾಲದು. ಕೊನೆಯ ಅಂಕದಲ್ಲಿ ನಾಯಕಿ ಮಿಮಿಯ ಕೈ ತಣ್ಣಗಾಗಿರುತ್ತೆ, ಗೆಳತಿ ಮುಸೆಟ್ಟಾ ಕೈ ಒಳಗಿಟ್ಟು ಬೆಚ್ಚಗೆ ಮಾಡ್ಕೊಳ್ಳೋ ಮಫ್ ತಂದುಕೊಡ್ತಾಳೆ. ಪ್ರಾಣ ಹೋದದ್ದು ಮೊದಲು ಗೊತ್ತಾಗೋದು ಗೆಳೆಯ ಶೋನಾರ್‌ಗೆ. ಅವಳ ಪ್ರಿಯಕರ ರೊಡಾಲ್ಫೋ ಕಿಟಕಿ ಹತ್ತಿರ ಏನೋ ಸರಿಮಾಡ್ತಿರ್ತಾನೆ, ತಿರುಗಿ ಗೆಳೆಯರ ಮುಖ ನೋಡ್ತಾನೆ. ಕಥೆ ಗೊತ್ತಿದ್ದವರು ಆ ಹೊತ್ತಿಗೆ ಮಿಮಿಯನ್ನು ಬಿಟ್ಟು ಅವನನ್ನೇ ನೋಡ್ತಿರ್ತಾರೆ. ಗೊತ್ತಿಲ್ಲದವರು ಅಷ್ಟನ್ನೂ ಕಳ್ಕೋತಾರೆ. ಇಷ್ಟು ಹೇಳಿದ ಮೇಲೆ ಭಾವ "ಹೂಂ" ಅಂದರು. ಒಪ್ಪಿದ ಹೂಂ ಅಲ್ಲ ಅದು.

ಆದರೆ ಈ ಕೊಬ್ಬೆ ಅನ್ನೋ ಮನುಷ್ಯನ ಬಗ್ಗೆ ಯಾರೂ ಕೇಳೋದಿಲ್ಲ ನೋಡಿ. ಲಾ ಓದಿದವರು, ಪತ್ರಿಕೆಗೆ ಬಂದರು. 1882ರಲ್ಲಿ ವಾಗ್ನರ್‌ನ ಒಪೆರಾ 'ಪಾರ್ಸಿಫಾಲ್' ಮೊದಲ ಸಲ ರಂಗಕ್ಕೆ ಬಂದಾಗ ಜರ್ಮನಿಯ ಬೈರಾಯ್ಟ್‌ಗೆ ಹೋಗಿ ನ್ಯೂಯಾರ್ಕಿಗೆ ವರದಿ ಕಳಿಸಿದರು. ಪುಸ್ತಕದಲ್ಲಿ ಕಥೆಯ ಮಧ್ಯೆ ರಾಗದ ತುಣುಕುಗಳನ್ನೂ ಸ್ವರಲಿಪಿಯಲ್ಲಿ ಹಾಕಿದ್ದಾರೆ, ಮನೆಯಲ್ಲಿ ಪಿಯಾನೋ ಇದ್ದವರು ನುಡಿಸಿ ನೋಡಬಹುದು. 1954ರಲ್ಲಿ ಇಂಗ್ಲೆಂಡಿನ ಹೇರ್‌ವುಡ್ ಪ್ರಭು ಅದನ್ನು ತಿದ್ದಿ ಬೆಳೆಸಿದರು. ಈಗ ನಾವು 'ಕಿಟೆಲ್ ನೋಡು' ಅನ್ನೋ ಹಾಗೆ ಒಪೆರಾ ನೋಡೋರು 'ಕೊಬ್ಬೆ ನೋಡು' ಅಂತಾರೆ. ದೋಣಿಯಲ್ಲಿದ್ದವನು ಯಾರಿಗೂ ಬೇಡ.

ಸಂಜೆಯಿಂದ ಯಾಕೋ ಮನಸ್ಸು ಸರಿಯಿಲ್ಲ. ಸುಮ್ನೆ ಪಾತ್ರೆ ತೊಳೆದೆ.

ಕೊಬ್ಬೆ ಹೋದ ಅದೇ ವರ್ಷದ ಡಿಸೆಂಬರಿನಲ್ಲಿ, ಅವರದೇ ಊರಾದ ನ್ಯೂಯಾರ್ಕಿನ ಮೆಟ್ರೋಪಾಲಿಟನ್ ಒಪೆರಾ ರಂಗಮಂದಿರದಲ್ಲಿ, ಪುಚ್ಚೀನಿಯ ಮೂರು ಹೊಸ ಕಿರು ಒಪೆರಾಗಳ ಮೊದಲ ಪ್ರದರ್ಶನ. ಐದು ತಿಂಗಳೂ ಆಗಿರಲಿಲ್ಲ. ಮೂರನೆಯದು ನಗೆಯದು. ಸತ್ತವನ ಮಂಚದಲ್ಲಿ ಇನ್ನೊಬ್ಬ ಮಲಗಿಕೊಂಡು, ಅವನ ದನಿಯಲ್ಲೇ ಉಯಿಲು ಬರೆಸಿ, ಒಳ್ಳೊಳ್ಳೆ ಆಸ್ತಿ ತನಗೇ ಮಾಡ್ಕೋತಾನೆ. ಇದನ್ನ ಭಾವನಿಗೆ ಹೇಳಲೇಬೇಕು, ಯಾಕಂದ್ರೆ ಅವರ ದೊಡ್ಡಪ್ಪನ ಉಯಿಲಿನ ವಿಷಯದಲ್ಲೂ...